ಪಾಪ, ಧರ್ಮಶಾಸ್ತ್ರ, ಕೃಪೆ, ಹೊಸ ಹುಟ್ಟು: ಬೆಂಗಳೂರು ಸೀಮೆಯಲ್ಲಿ ಕ್ರೈಸ್ತ ಬೋಧನೆಯ ನಾಲ್ಕು ಮಾತುಗಳು

ನಮ್ಮ ನಾಡಿನಲ್ಲಿ ಕ್ರೈಸ್ತಮತದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಮಿಷನ್ನುಗಳ ಸ್ಥಾಪನೆ, ಶಾಲೆಗಳು, ಆಸ್ಪತ್ರೆಗಳು, ಮತಾಂತರಗೊಂಡವರ ಲೆಕ್ಕ ಇವುಗಳನ್ನು ವಿಸ್ತಾರವಾಗಿ ನಿರೂಪಿಸಿರುವರು. ಬೋಧನೆಯು ಯಾವ ಮಾತುಗಳಲ್ಲಿ ನಡೆಯಿತು, ಕೇಳಿದವರ ಕಿವಿಗೆ ಆ ಮಾತುಗಳು ಏನೆಂದು ಕೇಳಿಸಿದುವು ಎಂಬ ಪ್ರಶ್ನೆಯನ್ನು ಅವರು ಅಷ್ಟಾಗಿ ಎತ್ತಿಕೊಂಡಿಲ್ಲ. ಮತವೊಂದು ಹೊಸ ನಾಡನ್ನು ಹೊಕ್ಕಾಗ ಮೊದಲು ಹೊಗುವುದು ಅಲ್ಲಿಯ ಭಾಷೆಯನ್ನು. ಪಾಪ, ಧರ್ಮಶಾಸ್ತ್ರ, ಕೃಪೆ, ಹೊಸ ಹುಟ್ಟು ಎಂಬ ನಾಲ್ಕು ಮಾತುಗಳ ಮೇಲೆ ಕ್ರೈಸ್ತ ಬೋಧನೆಯ ಬಹುಭಾಗ ನಿಂತಿದೆ. ಈ ನಾಲ್ಕಕ್ಕೂ ಕನ್ನಡದಲ್ಲಿ ಆಗಲೇ ಅರ್ಥವಿದ್ದಿತು. ಆ ಹಳೆಯ ಅರ್ಥವೂ ಹೊಸ ಬೋಧನೆಯೂ ಎಲ್ಲಿ ಕೂಡಿದುವು, ಎಲ್ಲಿ ತಾಕಲಾಡಿದುವು ಎಂಬುದನ್ನು ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ವಿಚಾರಿಸಲು ನಾವು ಇಲ್ಲಿ ಯತ್ನಿಸಿದ್ದೇವೆ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯೆಂದು ಬೇರ್ಪಡುವ ಮೊದಲು ಇವೆಲ್ಲವೂ ಹಳೆಯ ಬೆಂಗಳೂರು ಜಿಲ್ಲೆಗೆ ಸೇರಿದ್ದುವು.

ಈ ತಾಲ್ಲೂಕುಗಳನ್ನೇ ಆರಿಸಿಕೊಳ್ಳುವುದಕ್ಕೆ ಒಂದು ಕಾರಣವುಂಟು. ಲಂಡನ್ ಮಿಷನ್ನಿನ ಬೆಂಜಮಿನ್ ರೈಸರು 1837ರಲ್ಲಿ ಬೆಂಗಳೂರಿಗೆ ಬಂದು 1887ರಲ್ಲಿ ತೀರಿಕೊಳ್ಳುವವರೆಗೆ ಇಲ್ಲಿಯೇ ಇದ್ದರು; ಕನ್ನಡ ಬೈಬಲಿನ ಪರಿಷ್ಕರಣದಲ್ಲಿ ಅವರದು ದೊಡ್ಡ ಪಾಲು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯವು ಅವರ ಹೆಸರಿನದೇ. ಅವರ ಮಗ ಬಿ. ಎಲ್. ರೈಸರು ಶಾಸನಶಾಸ್ತ್ರದ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತರು. 1905ರಲ್ಲಿ ಅವರು ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಈ ನಾಲ್ಕು ತಾಲ್ಲೂಕುಗಳ ಶಾಸನಗಳು ಸೇರಿವೆ. ತಂದೆಯು ಪೌಲನ ಪತ್ರಿಕೆಗಳಿಗೆ ತಕ್ಕ ಕನ್ನಡ ಪದಗಳನ್ನು ಹುಡುಕಿದರು. ಅದೇ ಪದಗಳು ಶತಮಾನಗಳಿಂದ ಯಾವ ಅರ್ಥದಲ್ಲಿ ಕಲ್ಲಿನ ಮೇಲೆ ನಿಂತಿದ್ದುವೆಂಬುದನ್ನು ಮಗನು ಪಡಿಯಚ್ಚು ತೆಗೆಯಿಸಿ ಅಚ್ಚುಹಾಕಿಸಿದರು. ಈ ಎರಡು ಕೆಲಸಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಓದುವುದು ಚರಿತ್ರೆಯ ವಿದ್ಯಾರ್ಥಿಗೆ ಲಾಭದಾಯಕವೆಂದು ನಮ್ಮ ನಂಬಿಕೆ.

ಬೋಧನೆಯ ಸ್ವರೂಪವನ್ನು ಮೊದಲು ಸಂಕ್ಷೇಪವಾಗಿ ಹೇಳಬೇಕು. ಕ್ರಿ. ಶ. ಒಂದನೆಯ ಶತಮಾನದ ನಡುಭಾಗದಲ್ಲಿ ಪೌಲನು ರೋಮಿನವರಿಗೂ ಗಲಾತ್ಯದವರಿಗೂ ಬರೆದ ಪತ್ರಿಕೆಗಳಲ್ಲಿ ಇದು ವಾದರೂಪವಾಗಿ ಬಂದಿದೆ. ಮನುಷ್ಯರೆಲ್ಲರೂ ಪಾಪದ ಅಧೀನದಲ್ಲಿರುವರು. ದೇವರು ಮೋಶೆಯ ಮೂಲಕ ಕೊಟ್ಟ ಕಟ್ಟಳೆಯು ಪಾಪವನ್ನು ಪಾಪವೆಂದು ತೋರಿಸುತ್ತದೆಯೇ ಹೊರತು ಅದರಿಂದ ಬಿಡಿಸಲಾರದು. ಬಿಡುಗಡೆಯು ಕ್ರಿಸ್ತನ ಮರಣ ಮತ್ತು ಪುನರುತ್ಥಾನಗಳ ಮೂಲಕ ದೇವರು ಬಿಟ್ಟಿಯಾಗಿ ಕೊಡುವ ಕೃಪೆಯಿಂದ ಬರುತ್ತದೆ. ನಂಬಿಕೆಯಿಂದ ಅದನ್ನು ಪಡೆದವನು ಹೊಸ ಸೃಷ್ಟಿಯಾಗುತ್ತಾನೆ. ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ, ರಾತ್ರಿಯ ವೇಳೆ ಬಂದ ನಿಕೊದೇಮನೆಂಬ ವಿದ್ವಾಂಸನಿಗೆ ಯೇಸು ಹೇಳುವುದೂ ಈ ಹೊಸ ಹುಟ್ಟಿನ ವಿಷಯವನ್ನೇ. ಮುದುಕನಾದವನು ಮತ್ತೆ ಹುಟ್ಟುವುದು ಹೇಗೆಂದು ನಿಕೊದೇಮನು ಕೇಳಿದುದು ನಮ್ಮ ವಿಷಯಕ್ಕೆ ಮುಂದೆ ಬೇಕಾಗುತ್ತದೆ.

ಈ ಬೋಧನೆಯು ಮೈಸೂರು ಸೀಮೆಗೆ ಬಂದುದು ಹತ್ತೊಂಬತ್ತನೆಯ ಶತಮಾನದ ಮಿಷನರಿಗಳಿಂದಲೇ ಎಂದು ತಿಳಿಯಬಾರದು. ಇಟಲಿಯ ಜೆಸುಯಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿಯು ಹದಿನೇಳನೆಯ ಶತಮಾನದ ನಡುವಿನಲ್ಲಿಯೇ ಶ್ರೀರಂಗಪಟ್ಟಣದಲ್ಲಿ ನೆಲೆಸಿ ಕನ್ನಡದಲ್ಲಿ ಧರ್ಮೋಪದೇಶ ಗ್ರಂಥವನ್ನು ರಚಿಸಿದ್ದನು. ಹದಿನೆಂಟನೆಯ ಶತಮಾನದ ಆದಿಯಲ್ಲಿ ವೆಲ್ಲೂರಿನ ಕಡೆಯಿಂದ ಬಂದ ಫ್ರೆಂಚ್ ಜೆಸುಯಿಟರು ದೇವನಹಳ್ಳಿ, ಹೊಸಕೋಟೆ ಮೊದಲಾದ ಕಡೆ ಪ್ರಾರ್ಥನಾಮಂದಿರಗಳನ್ನು ಕಟ್ಟಿದರೆಂದು ಬಿ. ಎಲ್. ರೈಸರ ಗೆಜೆಟಿಯರು ತಿಳಿಸುತ್ತದೆ. ಅವರ ಉಪದೇಶ ಬಹುಮಟ್ಟಿಗೆ ತೆಲುಗಿನಲ್ಲಿ ನಡೆಯಿತು. ಪ್ರಾಟೆಸ್ಟಂಟರ ಕೆಲಸ ಬಳ್ಳಾರಿಯಿಂದ ಮೊದಲಾಯಿತು. 1810ರಲ್ಲಿ ಅಲ್ಲಿಗೆ ಬಂದ ಜಾನ್ ಹ್ಯಾಂಡ್ಸ್ ಮತ್ತು ಅವರ ಸಹಕಾರಿಗಳ ಶ್ರಮದಿಂದ 1831ರ ವೇಳೆಗೆ ಬೈಬಲ್ ಸಂಪೂರ್ಣವಾಗಿ ಕನ್ನಡಕ್ಕೆ ಬಂದಿತು. ಆ ಕನ್ನಡವು ಪಂಡಿತರಿಗೂ ಪಾಮರರಿಗೂ ಹಿಡಿಸಲಿಲ್ಲವೆಂದು ಕಂಡುಬಂದುದರಿಂದ ಮೋಗ್ಲಿಂಗ್, ವೈಗ್ಲೆ, ಬೆಂಜಮಿನ್ ರೈಸ್ ಮೊದಲಾದವರು ಅದನ್ನು ಪರಿಷ್ಕರಿಸಿದರು. ಸಂತೆಗಳಲ್ಲಿ, ಜಾತ್ರೆಗಳಲ್ಲಿ, ಛತ್ರಗಳ ಜಗಲಿಯ ಮೇಲೆ ನಿಂತು ಬೋಧಿಸಿದವರು ಬಳಸಿದುದು ಈ ಅನುವಾದಗಳ ಭಾಷೆಯನ್ನೇ.

ಪಾಪವೆಂಬ ಮಾತನ್ನು ಮೊದಲು ನೋಡೋಣ. ನಮ್ಮ ತಾಲ್ಲೂಕುಗಳ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕಡೆಯ ಸಾಲುಗಳು ಬಾಯಿಪಾಠವಾಗಿರುತ್ತವೆ. ದತ್ತಿಯನ್ನು ಅಳುಪಿದವನು ಗಂಗೆಯ ತಡಿಯಲ್ಲಿ ಕಪಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂದೂ, ಅರುವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುವನೆಂದೂ ಅವು ಹೇಳುತ್ತವೆ. ಇಲ್ಲಿ ಪಾಪಕ್ಕೆ ತೂಕವುಂಟು, ಅಳತೆಯುಂಟು, ಅವಧಿಯುಂಟು. ಒಂದು ಕೃತ್ಯಕ್ಕೆ ಇಷ್ಟು ಫಲವೆಂದು ಗೊತ್ತಾಗಿರುವುದರಿಂದ ಪ್ರಾಯಶ್ಚಿತ್ತವೂ ಗೊತ್ತಾಗಿದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಸಾಲುಸಾಲಾಗಿ ನಿಂತಿರುವ ನಾಗರಕಲ್ಲುಗಳನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಸರ್ಪಕ್ಕೆ ಮಾಡಿದ ಅಪಚಾರ, ಅದು ಹಿಂದಿನ ತಲೆಮಾರಿನದಾಗಿದ್ದರೂ, ಕಲ್ಲನ್ನು ಪ್ರತಿಷ್ಠೆ ಮಾಡಿದರೆ ಪರಿಹಾರವಾಗುತ್ತದೆ.

ಪೌಲನ ಪಾಪ ಈ ಬಗೆಯದಲ್ಲ. ಗ್ರೀಕಿನಲ್ಲಿ ಆತ ಬಳಸುವ ಪದಕ್ಕೆ ಗುರಿತಪ್ಪುವುದೆಂಬುದು ಮೂಲಾರ್ಥ. ಆತನ ವಾದದಲ್ಲಿ ಅದು ಕೃತ್ಯಕ್ಕಿಂತ ಹೆಚ್ಚಾಗಿ ಒಂದು ಸ್ಥಿತಿ, ಮನುಷ್ಯನನ್ನು ಆಳುವ ಒಡೆಯ. ಒಂದು ಪಾಪವನ್ನು ತೀರಿಸಿ ಇನ್ನೊಂದಕ್ಕೆ ಹೋಗುವಂತೆ ಅಲ್ಲಿ ಲೆಕ್ಕವಿಲ್ಲ. ಹೀಗಿರುವಾಗ, ಎಲ್ಲರೂ ಪಾಪಿಗಳೆಂದು ಬೋಧಕನು ಸಂತೆಯಲ್ಲಿ ಸಾರಿದಾಗ, ತಾನಾವ ಗೋವನ್ನು ಕೊಂದೆ, ಯಾರ ಹೊಲವನ್ನು ಕಿತ್ತುಕೊಂಡೆ ಎಂದು ರೈತನು ಬೆರಗಾಗಿದ್ದರೆ ಅದು ಸಹಜವೇ. ನಮ್ಮ ಆಡುಮಾತಂತೂ ಇನ್ನೊಂದು ತೊಡಕನ್ನು ತಂದೊಡ್ಡುತ್ತದೆ. ಬಿದ್ದ ಮಗುವನ್ನು ಕಂಡು ನಾವು 'ಅಯ್ಯೋ ಪಾಪ' ಎನ್ನುತ್ತೇವೆ. ಮೋಗ್ಲಿಂಗರು ಬೋಧಿಸುತ್ತಿದ್ದ ಮಂಗಳೂರಿನ ಕಡೆ 'ಪಾಪದವನು' ಎಂದರೆ ಕಪಟವರಿಯದ ಸಾಧು. ಒಂದೇ ಪದ ದೋಷಕ್ಕೂ ಕನಿಕರಕ್ಕೂ ಸಲ್ಲುವ ಭಾಷೆಯಲ್ಲಿ ಪೌಲನನ್ನು ಅನುವಾದ ಮಾಡುವುದು ಸುಲಭವಾಗಿರಲಿಲ್ಲ.

ಹೀಗೆಂದ ಮಾತ್ರಕ್ಕೆ ಒಳಗಿನ ಪಾಪದ ಅರಿವು ಕನ್ನಡಿಗರಿಗೆ ಇರಲಿಲ್ಲವೆಂದು ಹೇಳುವುದು ದೊಡ್ಡ ತಪ್ಪು. ಹಿಂದೂಗಳಿಗೆ ಪಾಪಪ್ರಜ್ಞೆಯಿಲ್ಲವೆಂದು ಎಷ್ಟೋ ಮಿಷನರಿಗಳು ತಮ್ಮ ವರದಿಗಳಲ್ಲಿ ಬರೆದರು. ಶರಣರ ವಚನಗಳಲ್ಲಿ ಮನಸ್ಸಿನ ಚಾಂಚಲ್ಯವನ್ನು ಕುರಿತ ಆತ್ಮನಿಂದೆಯಿದೆ. ಪುರಂದರದಾಸ ಕನಕದಾಸರಲ್ಲಿ ತನ್ನಿಂದೇನೂ ಆಗದೆಂಬ ಮೊರೆಯಿದೆ. ಸ್ವಾರಸ್ಯವೆಂದರೆ, ದಾಸರ ಪದಗಳನ್ನು ಮೊದಲಿಗೆ ಸಂಗ್ರಹಿಸಿ 1850ರಲ್ಲಿ ಮಂಗಳೂರಿನಿಂದ ಅಚ್ಚುಹಾಕಿಸಿದವರು ಸಾಕ್ಷಾತ್ ಮೋಗ್ಲಿಂಗರೇ. ತಮ್ಮವರ ಆರೋಪಕ್ಕೆ ಉತ್ತರವನ್ನು ಅವರೇ ಪ್ರಕಟಿಸಿದಂತಾಯಿತು. ಮುಂದೆ ಕಿಟ್ಟೆಲರು 1872ರಲ್ಲಿ ಯಜ್ಞವನ್ನು ಕುರಿತು ಒಂದು ಪುಸ್ತಿಕೆಯನ್ನು ಪ್ರಕಟಿಸಿ, ಬಲಿಯಿಂದ ಪಾಪಪರಿಹಾರವೆಂಬ ವೈದಿಕ ಭಾವನೆಯ ಮೂಲಕ ಕ್ರಿಸ್ತನ ಕಡೆಗೆ ದಾರಿ ತೋರಲು ಯತ್ನಿಸಿದರು. ನಮ್ಮ ಅಭಿಪ್ರಾಯದಲ್ಲಿ ಅವರು ಹಿಡಿದ ದಾರಿ ಪಾಂಡಿತ್ಯದ್ದು. ಯಜ್ಞವನ್ನು ಎಂದೂ ಕಾಣದ ಒಕ್ಕಲಿಗನಿಗೂ ಕೂಲಿಯವನಿಗೂ ಅದು ದೂರದ ಮಾತು.

ಈ ತೊಡಕನ್ನೆಲ್ಲ ಒಂದೇ ಕಥೆಯಲ್ಲಿ ಕಾಣಬಹುದು. ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯಲ್ಲಿ ಇಪ್ಪತ್ತು ವರ್ಷಗಳಿಗೂ ಹೆಚ್ಚುಕಾಲ ಕೆಲಸಮಾಡಿದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ 1823ರಲ್ಲಿ ಲಂಡನ್ನಿನಲ್ಲಿ ಕೆಲವು ಪತ್ರಗಳನ್ನು ಪ್ರಕಟಿಸಿದನು. ಹಿಂದೂಗಳನ್ನು ಮತಾಂತರಗೊಳಿಸುವುದು ಅಸಾಧ್ಯವೆಂದೂ, ಬೈಬಲನ್ನು ದೇಶಭಾಷೆಗಳಿಗೆ ತಿರುಗಿಸಿ ಹಂಚುವುದರಿಂದ ಹಾನಿಯೇ ಹೆಚ್ಚೆಂದೂ ಆತನ ವಾದ. ಆತನು ಎತ್ತಿ ತೋರಿಸಿದ ಪ್ರಸಂಗಗಳಲ್ಲಿ ದುಂದುಗಾರ ಮಗನ ಸಾಮತಿಯೂ ಒಂದು. ಮನೆಬಿಟ್ಟು ಹೋಗಿ ಎಲ್ಲವನ್ನೂ ಹಾಳುಮಾಡಿ ಹಿಂದಿರುಗಿದ ಮಗನನ್ನು ತಂದೆಯು ಓಡಿಹೋಗಿ ತಬ್ಬಿಕೊಂಡು, ಕೊಬ್ಬಿಸಿದ ಕರುವನ್ನು ಕೊಯ್ಯಿಸಿ ಹಬ್ಬಮಾಡಿದನೆಂದು ಕಥೆ. ಕೃಪೆಯೆಂದರೇನೆಂಬುದನ್ನು ಹೇಳುವುದಕ್ಕೆ ಹೊಸ ಒಡಂಬಡಿಕೆಯಲ್ಲಿ ಇದಕ್ಕಿಂತ ತಿಳಿಯಾದ ಕಥೆ ಇನ್ನೊಂದಿಲ್ಲ. ಆದರೆ ಊರಮುಂದಿನ ಕಲ್ಲಿನ ಮೇಲೆ ಪಾಪದ ಪರಮಾವಧಿಯೆಂದು ಕೆತ್ತಿರುವುದೂ ಗೋಹತ್ಯೆಯನ್ನೇ. ಕ್ಷಮೆಯ ಹಬ್ಬವು ಕೇಳುವವನ ಕಿವಿಯಲ್ಲಿ ಹೊಸದೊಂದು ಪಾಪವಾಗಿ ಮಾರ್ಪಡುತ್ತದೆ! ದುಬಾಯ್‌ಗೆ 1824ರಲ್ಲಿ ಜೇಮ್ಸ್ ಹಫ್ ಎಂಬವರು ದೀರ್ಘವಾದ ಉತ್ತರವನ್ನು ಬರೆದರು. ಅನುವಾದಕರು ಕರುವನ್ನು ಕೈಬಿಡಲಿಲ್ಲ. ಇಂದಿನ ಕನ್ನಡ ಬೈಬಲಿನಲ್ಲೂ ಅದು ಇದ್ದೇ ಇದೆ. ಮೂಲಕ್ಕೆ ನಿಷ್ಠರಾಗಿದ್ದುದು ಸರಿಯೇ. ಆದರೆ ಗ್ರಾಮಸ್ಥರ ಮನಸ್ಸನ್ನು ದುಬಾಯ್ ಅರಿತಷ್ಟು ಆತನ ಪ್ರತಿವಾದಿಗಳು ಅರಿತಿರಲಿಲ್ಲವೆಂದೇ ನಮಗೆ ತೋರುತ್ತದೆ.

ಎರಡನೆಯ ಮಾತು ಇನ್ನೂ ವಿಚಿತ್ರವಾದುದು. ಮೋಶೆಯ ಕಟ್ಟಳೆಗೆ ಹಳೆಯ ಅನುವಾದದಲ್ಲಿ 'ನ್ಯಾಯಪ್ರಮಾಣ'ವೆಂಬ ಪದವಿದೆ. ಅದು ಯಾರೂ ಬಳಸದ ಗಡುಸಾದ ಸಮಾಸ. ಆದರೆ ಅದರಿಂದ ತಪ್ಪು ತಿಳಿವಳಿಕೆಗೆ ಅವಕಾಶ ಕಡಿಮೆ. ಅನಂತರದ ಪರಿಷ್ಕರಣದಲ್ಲಿ ಅದರ ಸ್ಥಾನಕ್ಕೆ 'ಧರ್ಮಶಾಸ್ತ್ರ'ವು ಬಂದಿತು. ಕಟ್ಟಳೆಯ ಕ್ರಿಯೆಗಳೆಂಬಲ್ಲಿ 'ನೇಮನಿಷ್ಠೆ' ಬಂದಿತು. ಕನ್ನಡವೇನೋ ಸುಂದರವಾಯಿತು. ಆದರೆ ಧರ್ಮಶಾಸ್ತ್ರವೆಂದರೆ ನಮಗೆ ಮನು, ಯಾಜ್ಞವಲ್ಕ್ಯ, ಮಿತಾಕ್ಷರಾ. ಹತ್ತೊಂಬತ್ತನೆಯ ಶತಮಾನದಲ್ಲಿ ದಾಯಭಾಗದ ವ್ಯಾಜ್ಯಗಳು ಅದೇ ಶಾಸ್ತ್ರದ ಪ್ರಕಾರ ತೀರ್ಮಾನವಾಗುತ್ತಿದ್ದುವು. ನೇಮನಿಷ್ಠೆಯೆಂದರೆ ಏಕಾದಶಿಯ ಉಪವಾಸ, ಮಡಿ, ಶಿವಗಂಗೆಯ ಬೆಟ್ಟಕ್ಕೆ ಹೊತ್ತ ಹರಕೆ. ಯೆಹೂದ್ಯರಲ್ಲದ ಕ್ರೈಸ್ತರು ಸುನ್ನತಿ ಮಾಡಿಸಿಕೊಳ್ಳಬೇಕೇ ಬೇಡವೇ ಎಂಬ ವಿವಾದದಲ್ಲಿ ಪೌಲನು ಬರೆದ ಮಾತುಗಳು ಕನ್ನಡದಲ್ಲಿ ಓದುವಾಗ ನಮ್ಮ ಸ್ಮೃತಿಗಳ ಮೇಲೂ ವ್ರತಗಳ ಮೇಲೂ ಹೂಡಿದ ದಾವೆಯಂತೆ ಕೇಳುತ್ತವೆ. ತರಗತಿಯಲ್ಲಿ ನಾವು ಒಮ್ಮೆ ಗಲಾತ್ಯ ಪತ್ರಿಕೆಯ ಒಂದು ಭಾಗವನ್ನು ಚರಿತ್ರೆಯ ಆಕರವಾಗಿ ಓದಿಸಿದಾಗ, ಪೌಲನಿಗೆ ಮನುಸ್ಮೃತಿ ಎಲ್ಲಿ ದೊರಕಿತೆಂದು ವಿದ್ಯಾರ್ಥಿಯೊಬ್ಬನು ಕೇಳಿದನು. ಉಳಿದವರು ನಕ್ಕರು, ಪ್ರಶ್ನೆ ಮಾತ್ರ ನಗುವಂಥದಾಗಿರಲಿಲ್ಲ. ಧರ್ಮಶಾಸ್ತ್ರದಿಂದ ಯಾರೂ ನೀತಿವಂತರಾಗರೆಂಬ ವಾಕ್ಯವನ್ನು ಶಾನುಭೋಗನು ಕೇಳಿದರೆ ಕೋಪಗೊಂಡಾನು. ಆ ಶಾಸ್ತ್ರದ ಹೊರಗಣ ಅಂಚಿನಲ್ಲಿ ಇಡಲ್ಪಟ್ಟ ಕೇರಿಯವನು ಅದನ್ನೇ ಕೇಳಿದರೆ ಅವನಿಗೆ ಬೇರೆಯೇ ಅರ್ಥ ಹೊಳೆದೀತು. ಅನುವಾದಕರು ಉದ್ದೇಶಿಸಿರಲಿ ಬಿಡಲಿ, ಪದವೊಂದು ಪಕ್ಷ ವಹಿಸಿತು.

ಕಟ್ಟಳೆಯನ್ನು ಪೌಲನು ಕೇವಲ ದೂಷಿಸಿದನೆಂದು ಎಣಿಸಬಾರದು. ಹುಡುಗನನ್ನು ಕೈಹಿಡಿದು ಗುರುವಿನ ಬಳಿಗೆ ಕರೆದೊಯ್ಯುವ ಮನೆಯಾಳಿಗೆ ಅದನ್ನು ಆತ ಹೋಲಿಸಿದ್ದಾನೆ. ಕಥೋಲಿಕರು ತಮ್ಮ ಉಪದೇಶದಲ್ಲಿ 'ಹತ್ತು ಕಟ್ಟಳೆಗಳು' ಎಂಬ ಅಚ್ಚಗನ್ನಡ ಮಾತನ್ನು ಉಳಿಸಿಕೊಂಡರು. ಇದು ಹೆಚ್ಚು ಜಾಣತನದ ಆಯ್ಕೆಯೆಂದು ನಾವು ಭಾವಿಸುತ್ತೇವೆ.

ಕೃಪೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಏಕೆಂದರೆ ಇಲ್ಲಿ ಬೋಧಕನಿಗೂ ಕೇಳುವವನಿಗೂ ನಡುವೆ ಅಂತರ ತೀರ ಕಡಿಮೆಯಾಗಿದ್ದಿತು. ಗುರುಕೃಪೆ, ಶಿವಕೃಪೆ, ಹರಿಕೃಪೆ ಎಂಬ ಮಾತುಗಳನ್ನು ಕೇಳದ ಕನ್ನಡಿಗನಿಲ್ಲ. ಕೋತಿಯ ಮರಿ ತಾಯಿಯನ್ನು ತಾನೇ ಹಿಡಿದುಕೊಳ್ಳುವಂತೆ ಜೀವನೂ ಯತ್ನಿಸಬೇಕೇ, ಬೆಕ್ಕು ತನ್ನ ಮರಿಯನ್ನು ಕಚ್ಚಿಕೊಂಡು ಹೋಗುವಂತೆ ದೇವರೇ ಒಯ್ಯುವನೇ ಎಂದು ಶ್ರೀವೈಷ್ಣವರ ಎರಡು ಪಂಗಡಗಳು ವಾದಿಸಿದುವು. ಐದನೆಯ ಶತಮಾನದಲ್ಲಿ ಅಗಸ್ಟಿನನಿಗೂ ಪೆಲಾಗಿಯಸನಿಗೂ ನಡೆದುದು ಹೆಚ್ಚುಕಡಮೆ ಇದೇ ವಾದ. ಬೆಂಗಳೂರಿನ ಮಿಷನರಿಗಳಲ್ಲಿಯೂ ಈ ಭೇದವಿದ್ದಿತು. ಲಂಡನ್ ಮಿಷನ್ನಿನವರ ಹಿಂದೆ ಕಾಲ್ವಿನನ ಸಂಪ್ರದಾಯವಿದ್ದಿತು. 1738ರ ಮೇ 24ರಂದು ಲೂಥರನ ಮುನ್ನುಡಿಯ ವಾಚನವನ್ನು ಕೇಳಿ ಹೃದಯ ಬೆಚ್ಚಗಾಯಿತೆಂದು ಬರೆದ ಜಾನ್ ವೆಸ್ಲಿಯ ಅನುಯಾಯಿಗಳು ಕೃಪೆಯು ಸರ್ವರಿಗೂ ತೆರೆದಿದೆಯೆಂದೂ, ಮನುಷ್ಯನು ಅದನ್ನು ಒಪ್ಪಲೂ ತಳ್ಳಲೂ ಬಲ್ಲನೆಂದೂ ಸಾರಿದರು. ಸಂತೆಯಲ್ಲಿ ನಿಂತವರಿಗೆ ಈ ಭೇದ ತಿಳಿದಿರಲಾರದು.

ಪದದ ಆಯ್ಕೆಯಲ್ಲಿ ಮಾತ್ರ ಒಂದು ಸಂಗತಿ ಗಮನಾರ್ಹ. ಪ್ರಾಟೆಸ್ಟಂಟರು 'ಕೃಪೆ' ಎಂದರು. ಕಥೋಲಿಕರು 'ವರಪ್ರಸಾದ' ಎಂದರು. ಮರಿಯಮ್ಮನಿಗೆ ಸಲ್ಲಿಸುವ ನಿತ್ಯಪ್ರಾರ್ಥನೆಯಲ್ಲಿ ಈ ಪದ ಇಂದಿಗೂ ನಿಂತಿದೆ. ಕೃಪೆಯು ಕೊಡುವವನ ಮನೋಭಾವ. ಪ್ರಸಾದವು ಕೈಗೆ ಬಂದು ಬಾಯಿಗೆ ಹೋಗುವ ವಸ್ತು. ವೀರಶೈವರ ಅಷ್ಟಾವರಣದಲ್ಲಿಯೂ ಅದಕ್ಕೆ ಸ್ಥಾನವಿದೆ. ಸಂಸ್ಕಾರಗಳ ಮೂಲಕ ಕೃಪೆಯು ಹರಿದುಬರುವುದೆಂಬ ಕಥೋಲಿಕ ಸಿದ್ಧಾಂತಕ್ಕೂ, ಅದು ದೇವರ ಮುಖಪ್ರಸನ್ನತೆಯೇ ಹೊರತು ದ್ರವ್ಯವಲ್ಲವೆಂಬ ಸುಧಾರಕರ ನಿಲುವಿಗೂ ಯೂರೋಪಿನಲ್ಲಿ ನಡೆದ ಸಂಘರ್ಷವು ಕನ್ನಡದಲ್ಲಿ ಎರಡು ಪದಗಳಾಗಿ ಸದ್ದಿಲ್ಲದೆ ನೆಲೆಸಿತು. ಇತ್ತೀಚಿನ ಸರಳಭಾಷೆಯ ಅನುವಾದವು ಇವೆರಡನ್ನೂ ಬಿಟ್ಟು 'ದೈವಾನುಗ್ರಹ' ಎಂದಿದೆ. ಅನುಗ್ರಹವು ಶಿವನ ಪಂಚಕೃತ್ಯಗಳಲ್ಲಿ ಐದನೆಯದೆಂಬುದು ಶೈವಶಾಸ್ತ್ರ ಬಲ್ಲವರಿಗೆ ತಿಳಿದೇ ಇದೆ.

ಕಡೆಯದು ಹೊಸ ಹುಟ್ಟು. ಅನುವಾದಕರು ಎಲ್ಲಕ್ಕಿಂತ ಹೆಚ್ಚು ಎಚ್ಚರಿಕೆ ವಹಿಸಬೇಕಾಗಿದ್ದುದು ಇಲ್ಲಿ. ನಿಕೊದೇಮನಿಗೆ ಹೇಳಿದ ಮಾತಿನಲ್ಲಿರುವ ಗ್ರೀಕ್ ಪದಕ್ಕೆ 'ಮತ್ತೆ' ಎಂದೂ 'ಮೇಲಿನಿಂದ' ಎಂದೂ ಎರಡರ್ಥ. ಮೊದಲ ಅರ್ಥವನ್ನು ಹಿಡಿದು ಸಂಸ್ಕೃತಕ್ಕೆ ತಿರುಗಿಸಿದರೆ ಬರುವ ಸಹಜವಾದ ಪದ 'ಪುನರ್ಜನ್ಮ'. ಆದರೆ ಕರ್ಮಫಲವನ್ನುಣ್ಣಲು ಮತ್ತೊಂದು ದೇಹವನ್ನು ತಾಳುವುದಕ್ಕೆ ಅದೇ ಹೆಸರು. ಭಕ್ತರೂ ಜ್ಞಾನಿಗಳೂ ತಪ್ಪಿಸಿಕೊಳ್ಳಬಯಸಿದುದು ಅದನ್ನೇ. ದೇವರ ರಾಜ್ಯವನ್ನು ಕಾಣಲು ಪುನರ್ಜನ್ಮ ಬೇಕೆಂದರೆ ಕೇಳಿದವರು ತಲೆಯಲ್ಲಾಡಿಸಿ ಎದ್ದುಹೋಗುತ್ತಿದ್ದರು. ಆದುದರಿಂದ ಬೈಬಲಿನಲ್ಲಿ ಈ ಸ್ಥಳದಲ್ಲಿ 'ಹೊಸದಾಗಿ ಹುಟ್ಟು' ಎಂಬ ತಿಳಿಗನ್ನಡ ಕಾಣಿಸಿಕೊಂಡಿತು. ತೀತನಿಗೆ ಬರೆದ ಪತ್ರಿಕೆಯಲ್ಲಿ ಸ್ನಾನದ ಪ್ರಸ್ತಾಪವಿರುವ ಕಡೆ 'ಪುನರ್ಜನ್ಮ'ವೂ ಉಳಿದುಕೊಂಡಿತು.

ಈ ಬೋಧನೆಗೆ ನಿಜವಾಗಿ ಸಮೀಪವಾದ ಕನ್ನಡ ಭಾವನೆ ವೀರಶೈವ ದೀಕ್ಷೆಯಲ್ಲಿದೆ. ದೀಕ್ಷೆ ಪಡೆದವನ ಪೂರ್ವಾಶ್ರಯವು ಅಳಿದು ಅವನು 'ಪುನರ್ಜಾತ'ನಾಗುವನೆಂದು ಶರಣರು ಹೇಳಿದರು. ಅವನ ಹಿಂದಿನ ಕುಲವನ್ನು ಕೇಳಕೂಡದು. ಇದೇ ಜನ್ಮದಲ್ಲಿ, ಇದೇ ಮೈಯಲ್ಲಿ ಇನ್ನೊಂದು ಹುಟ್ಟು. ಪ್ರಾಟೆಸ್ಟಂಟರು ಬ್ಯಾಪ್ಟಿಸಮ್ಮಿಗೆ 'ದೀಕ್ಷಾಸ್ನಾನ'ವೆಂಬ ಹೆಸರನ್ನು ಆರಿಸಿದಾಗ ಈ ನೆನಪು ಅವರ ಪಂಡಿತರ ಮನಸ್ಸಿನಲ್ಲಿ ಇದ್ದಿರಬಹುದು. ಕಥೋಲಿಕರ 'ಜ್ಞಾನಸ್ನಾನ'ವು ತಮಿಳಿನ ಮಾರ್ಗವಾಗಿ ಬಂದುದು.

ಹಿಂದಿನ ಜನ್ಮದ ಪಾಪದಿಂದಲೇ ಈ ಕೇರಿಯಲ್ಲಿ ಹುಟ್ಟಿದೆಯೆಂದು ತಲೆತಲಾಂತರದಿಂದ ಹೇಳಿಸಿಕೊಂಡವನಿಗೆ, ಮುಂದಿನ ಜನ್ಮದವರೆಗೆ ಕಾಯದೆ ಈಗಲೇ ಹೊಸದಾಗಿ ಹುಟ್ಟಬಹುದೆಂಬ ಮಾತು ಬರಿಯ ವೇದಾಂತವಾಗಿ ಕೇಳಿಸಲಿಲ್ಲ. ಪೌಲನು ಪಾಪವನ್ನು ಯಜಮಾನನಿಗೂ ಪಾಪಿಯನ್ನು ಅಡಿಯಾಳಿಗೂ ಹೋಲಿಸಿ, ಮರಣವನ್ನು ಆ ಯಜಮಾನ ಕೊಡುವ ಕೂಲಿಯೆಂದನು. ಕನ್ನಡ ಬೈಬಲಿನಲ್ಲಿ ಅಲ್ಲಿರುವ ಪದ 'ಸಂಬಳ'. ವಿಮೋಚನೆಯೆಂದರೆ ಬೆಲೆತೆತ್ತು ಆಳನ್ನು ಬಿಡಿಸಿಕೊಳ್ಳುವುದು. ಜೀತಪದ್ಧತಿಯನ್ನು ಕಾನೂನಿನಿಂದ ರದ್ದುಗೊಳಿಸಿದ್ದು 1976ರಲ್ಲಿ ಎಂಬುದನ್ನು ನೆನೆದರೆ, ಈ ಹೋಲಿಕೆಯು ಅದಕ್ಕೆ ಮೊದಲಿನ ನಮ್ಮ ಹಳ್ಳಿಗಳಲ್ಲಿ ಎಷ್ಟು ಹತ್ತಿರದ್ದಾಗಿದ್ದಿತೆಂಬುದು ತಿಳಿಯುತ್ತದೆ. ಪಾಪದ ವಿಷಯದಲ್ಲಿ ಶಾಸನದ ಭಾಷೆ ಅಡ್ಡಬಂದ ಕಡೆ ಜೀತದ ಅನುಭವವು ಅರ್ಥವನ್ನು ತಂದುಕೊಟ್ಟಿತು. 1876-78ರ ಮಹಾಕ್ಷಾಮದಲ್ಲಿ ಮಿಷನ್ನುಗಳು ಅನಾಥಾಲಯಗಳನ್ನು ತೆರೆದುವು. ಗಂಜಿಗಾಗಿ ಮತ ಬಿಟ್ಟರೆಂಬ ಆಕ್ಷೇಪ ಆಗಿನಿಂದ ಬಲವಾಯಿತು. ಹಸಿದವನು ಮೊದಲು ಗಂಜಿಯನ್ನು ನೋಡಿದನೆಂಬುದನ್ನು ಅಲ್ಲಗಳೆಯಬೇಕಾದ ಅಗತ್ಯವಿಲ್ಲ. ಗಂಜಿಯ ಕಾಲ ಮುಗಿದ ಮೇಲೂ ಉಳಿದವರು ಏನನ್ನು ಕಂಡು ಉಳಿದರೆಂಬುದನ್ನೂ ಕೇಳಬೇಕು.

ಹೊಸ ಹುಟ್ಟು ಎಷ್ಟರಮಟ್ಟಿಗೆ ನಡೆಯಿತೆಂಬುದು ಬೇರೆಯ ಪ್ರಶ್ನೆ. ಜೆಸುಯಿಟರ ಕಾಲದಲ್ಲಿ ಮೇಲು ಜಾತಿಯವರಿಗೆ ಸಂನ್ಯಾಸಿಯ ವೇಷದ ಪಾದ್ರಿಗಳೂ, ಇತರರಿಗೆ ಪಂಡಾರಸ್ವಾಮಿಗಳೂ ಬೇರೆ ಬೇರೆಯಾಗಿ ಇರುತ್ತಿದ್ದರು. ದಕ್ಷಿಣದೇಶದ ಅನೇಕ ದೇವಾಲಯಗಳಲ್ಲಿ ಕೂಡುವ ಸ್ಥಳ, ಹೂಳುವ ಸ್ಥಳ ಎರಡರಲ್ಲಿಯೂ ಹಳೆಯ ಗೆರೆಗಳು ಉಳಿದುವು. ರಾಜ್ಯದ ಕಾನೂನು ಇದಕ್ಕೆ ಮತ್ತೊಂದು ತಿರುವನ್ನು ಕೊಟ್ಟಿದೆ. 1950ರ ಸಂವಿಧಾನದ ಪರಿಶಿಷ್ಟ ಜಾತಿಗಳ ಆದೇಶವು ಹಿಂದೂಗಳಲ್ಲದವರನ್ನು ಆ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರೂ 1990ರಲ್ಲಿ ಬೌದ್ಧರೂ ಒಳಗೆ ಬಂದರು. ಕ್ರೈಸ್ತರು ಹೊರಗೇ ಉಳಿದರು. ಕರ್ನಾಟಕದಲ್ಲಿ ಅಂಥವರನ್ನು ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಎಣಿಸುತ್ತಾರೆ. ದೀಕ್ಷಾಸ್ನಾನ ಪಡೆದವನ ಹಳೆಯ ಹುಟ್ಟು ಅಳಿಯಿತೆಂದು ಆದೇಶವು ಒಪ್ಪಿಕೊಳ್ಳುತ್ತದೆ. ಅವನು ಹುಟ್ಟಿದ ಊರು ಅದನ್ನು ಒಪ್ಪುವುದಿಲ್ಲ. ತಾಲ್ಲೂಕು ಕಚೇರಿಯಲ್ಲಿ ಜಾತಿ ಪ್ರಮಾಣಪತ್ರದ ಅರ್ಜಿಯನ್ನು ತುಂಬುವಾಗ ಅವನು ಯಾವ ಹುಟ್ಟನ್ನು ಬರೆಯಬೇಕೆಂಬುದು ಇಂದಿಗೂ ಅವನ ಮನೆಯವರ ಮುಂದಿರುವ ಪ್ರಶ್ನೆ.